ಒಂದೇ ಚೀಲದ ಕಲ್ಲು

‘ಜೋಡಿ ಕವಣಿ’ ಎಂಬ ವಿಡಿಯೊ ಗೇಮಿನ ಎರಡನೇ ಭಾಗ ಚೆನ್ನಾಗಿಲ್ಲ ಎಂದು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬರೆದದ್ದು ನಿಜ. ಆ ಆಟವನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು, ಹಾಗಾಗಿ ಅದು ಎಷ್ಟು ಚೆನ್ನಾಗಿಲ್ಲ ಎಂಬುದು ಅವರಿಗಿಂತ ನನಗೇ ಹೆಚ್ಚು ಗೊತ್ತು. ನನ್ನ ಸಿಟ್ಟು ಬೇರೆ ಕಡೆ ಇದೆ. ಯಾರ ಮೇಲೆ ಎಂದು ಬೆರಳು ಮಾಡಿ ತೋರಿಸೆಂದರೆ ತೋರಿಸಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಬೇಕಾದವರು ಹುಡುಕಿಕೊಳ್ಳಲಿ.

ಕಲಬುರಗಿಯ ಪೇಟೆ ಪ್ರದೇಶವಾದ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸ್ಟುಡಿಯೊ. ಕಿಟಕಿ ತೆರೆದರೆ ಆಟೊಗಳ ಹಾರ್ನು, ಮುಚ್ಚಿದರೆ ಬೇಯುವ ಸೆಕೆ. ಮಾಲಕರು ಮೊದಲು ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದವರು. ಚಿತ್ರ ಬಿಡಿಸುವವನು ದರ್ಗಾದ ಹತ್ತಿರದ ರೋಜಾ ಬಡಾವಣೆಯವನು. ಉರುಸಿನ ಜನಜಂಗುಳಿಯಲ್ಲಿ ಮನೆಯಿಂದ ಹೊರಬರಲಾಗದೆ ಅಲ್ಲೇ ಕೂತು ಮಿಡತೆಗಳ ಕಾಲು ಬರೆದು ಕಳಿಸುತ್ತಿದ್ದ. ಕೋಡ್ ಬರೆಯುವುದು ಮತ್ತು ಆಟದ ನಿಯಮ ಕಟ್ಟುವುದು ನನ್ನ ಕೆಲಸ.

ಮೊದಲ ಭಾಗ ಸರಳವಾಗಿತ್ತು. ಎಡದಿಂದ ಬಲಕ್ಕೆ ಸರಿಯುವ ಪರದೆ. ಜೋಳದ ಹೊಲ, ಹಾಳು ಕೋಟೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ. ಎದುರಿನಿಂದ ಕಬ್ಬಿಣದ ಮಿಡತೆಗಳ ದಂಡು. ಇಬ್ಬರು ಹೊಲ ಕಾಯುವವರು ಕವಣೆ ಬೀಸುತ್ತ ಮುಂದೆ ಸಾಗಬೇಕು. ಒಂದೇ ಕಂಪ್ಯೂಟರ್, ಒಂದೇ ಕೀಬೋರ್ಡು. ಎಡಬದಿಯ ಕೀಲಿಗಳು ಒಬ್ಬರಿಗೆ, ಬಲಬದಿಯವು ಇನ್ನೊಬ್ಬರಿಗೆ. ಇಂಥ ಜೋಡಿ ಆಟಗಳು ಜಗತ್ತಿನಲ್ಲಿ ರಾಶಿ ರಾಶಿ ಇವೆ. ನಮ್ಮದರಲ್ಲಿ ಒಂದೇ ಒಂದು ವಿಷಯ ಬೇರೆಯಾಗಿತ್ತು: ಕಲ್ಲಿನ ಚೀಲ ಇಬ್ಬರಿಗೂ ಸೇರಿ ಒಂದೇ. ಒಬ್ಬ ಮನಸ್ಸಿಗೆ ಬಂದಂತೆ ಎಸೆದರೆ ಇನ್ನೊಬ್ಬನ ಕವಣೆ ಖಾಲಿ.

ಆ ನಿಯಮ ನನ್ನದು. ಅದರ ಬಗ್ಗೆ ನನಗೆ ಇದ್ದದ್ದು ಬರೀ ಅಭಿಮಾನವಲ್ಲ, ಸ್ವಲ್ಪ ಸೊಕ್ಕೂ ಇತ್ತು. ಚೀಲ ಒಂದೇ ಆದ ಕೂಡಲೇ ಆಡುವವರು ಮಾತಾಡಲೇಬೇಕು. ಬೇಡಬೇಕು, ಬೈಯಬೇಕು, ಲೆಕ್ಕ ಕೇಳಬೇಕು. ಪರದೆಯ ಮೇಲೆ ಏನಿದೆ ಎನ್ನುವುದಕ್ಕಿಂತ ಪರದೆಯ ಮುಂದೆ ಏನಾಗುತ್ತದೆ ಎಂಬುದೇ ನನ್ನ ಆಟವಾಗಿತ್ತು.

ಅದನ್ನು ಪರೀಕ್ಷಿಸಲು ನಾವು ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ದೊಡ್ಡಮ್ಮನ ಕಡೆಯ ಪರಿಚಯದ ಅಕ್ಕನೊಬ್ಬಳು ಆನ್‌ಲೈನ್ ಸೆಂಟರ್ ನಡೆಸುತ್ತಾಳೆ. ಪಹಣಿ, ಆಧಾರ್, ಅಂಕಪಟ್ಟಿ, ಅರ್ಜಿ, ಎಲ್ಲಕ್ಕೂ ಜನ ಅಲ್ಲಿಗೇ ಬರಬೇಕು. ಸರ್ವರ್ ಬಿದ್ದರೆ ಎಲ್ಲರೂ ಬೆಂಚಿನ ಮೇಲೆ ಕಾಯಬೇಕು. ಸಂತೆಯ ದಿನವಂತೂ ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂರುತ್ತಾರೆ. ಅಕ್ಕ ಮೂಲೆಯ ಕಂಪ್ಯೂಟರೊಂದನ್ನು ನಮಗೆ ಬಿಟ್ಟುಕೊಟ್ಟಿದ್ದಳು. ನಮ್ಮ ಕಟ್ಟಳೆ ಇಷ್ಟೇ: ಆಟವನ್ನು ಹಿಂದೆಂದೂ ನೋಡಿರದ ಇಬ್ಬರನ್ನು ಕಾಯುತ್ತಿರುವವರಲ್ಲಿ ಆರಿಸಿ ಅಕ್ಕ ಕೂರಿಸಬೇಕು. ನಾವು ಹಿಂದೆ ಬಾಯಿ ಮುಚ್ಚಿಕೊಂಡು ಕೂರಬೇಕು. ಅವರು ಆ ಹಂತ ಮುಗಿಸದಿದ್ದರೆ ತಪ್ಪು ಹಂತದ್ದು, ಅವರದಲ್ಲ. ಕಮಲಾಪುರ ಒಪ್ಪದ ಯಾವ ಹಂತವೂ ಹೊರಗೆ ಹೋಗುವಂತಿಲ್ಲ.

ಪಹಣಿಗೆ ಬಂದ ಅಜ್ಜನೊಬ್ಬ, ಜೆರಾಕ್ಸಿಗೆ ಬಂದ ಕಾಲೇಜು ಹುಡುಗಿಯೊಬ್ಬಳು ಒಮ್ಮೆ ಜೋಡಿಯಾಗಿದ್ದರು. ಕೋಟೆಯ ಹಂತದಲ್ಲಿ ಚೀಲ ಬರಿದಾಯಿತು.

“ಏ ಯವ್ವಾ, ಎಲ್ಲಾ ನೀನೇ ಒಗದ್ರ ನಾ ಏನ್ ಮಣ್ಣು ಒಗೀಲೇನು?” ಎಂದ ಅಜ್ಜ.

“ನೀವು ಗುರಿ ಇಟ್ಟು ಒಗೀರಿ ಅಜ್ಜಾ. ಸುಮ್‌ಸುಮ್ಮಕ ಕಲ್ಲು ಹಾಳ ಮಾಡಾಕತ್ತೀರಿ,” ಎಂದಳು ಹುಡುಗಿ.

ಸರ್ವರ್ ಬಂದು, ಪಹಣಿ ಪ್ರಿಂಟ್ ಆಗಿ, ಅಕ್ಕ ಮೂರು ಸಲ ಕೂಗಿದರೂ ಇಬ್ಬರೂ ಏಳಲಿಲ್ಲ. ನನಗೆ ಅವತ್ತು ಆದ ಸಂತೋಷ ಆಟ ಗೆದ್ದಾಗಲೂ ಆಗಲಿಲ್ಲ. ಗೆದ್ದದ್ದೂ ಹೌದು, ಸಣ್ಣ ಊರಿನ ಸಣ್ಣ ಆಟವನ್ನು ಜನ ಒಬ್ಬರಿಗೊಬ್ಬರು ಹೇಳಿ ಆಡಿದರು. ಎರಡನೆಯದು ಬೇಕು ಎಂದು ಹೊರಗಿನ ದೊಡ್ಡ ಊರಿನ ಕಂಪನಿಯೊಂದು ಬಂದದ್ದು ಅದೇ ಹೆಸರಿನ ಮೇಲೆ.

ಕಂಪನಿಯ ಪ್ರತಿನಿಧಿ ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಕಾಣಿಸಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ನಗುತ್ತಲೇ ಕುತ್ತಿಗೆ ಕುಯ್ಯುವ ಜಾತಿ. ಅವನು ಕೇಳಿದ್ದು ಒಂದೇ. ಒಂದು ಕೀಬೋರ್ಡಿನ ಮುಂದೆ ಇಬ್ಬರು ಕೂರುವ ಕಾಲ ಹೋಯಿತು. ಇನ್ನು ಇಬ್ಬರ ಕೈಯಲ್ಲೂ ಫೋನು, ಒಬ್ಬ ಇಲ್ಲಿ, ಇನ್ನೊಬ್ಬ ಎಲ್ಲಿ ಬೇಕಾದರೂ. ಮಾಲಕರು ಒಪ್ಪಿದರು. ನಾನೂ ಒಪ್ಪಿದೆ, ಏಕೆಂದರೆ ಚೀಲದ ಬಗ್ಗೆ ಯಾರೂ ಮಾತೆತ್ತಿರಲಿಲ್ಲ.

ಮಾತೆತ್ತಿದ್ದು ನೆಟ್‌ವರ್ಕು. ಒಂದೇ ಕಂಪ್ಯೂಟರಿನಲ್ಲಿ ಚೀಲ ಒಂದೇ ಇರುವುದು ನೀರು ಕುಡಿದಷ್ಟು ಸುಲಭ. ಎರಡು ಫೋನುಗಳ ನಡುವೆ ಆ ಚೀಲ ಎಲ್ಲಿದೆ? ಎರಡರಲ್ಲೂ ಒಂದೊಂದು ನಕಲು ಇರುತ್ತದೆ. ನಡುವಿನ ಸರ್ವರ್ ಅವೆರಡನ್ನೂ ತಾಳೆ ನೋಡುತ್ತಿರುತ್ತದೆ. ನೆಟ್‌ವರ್ಕು ಒಂದು ಕ್ಷಣ ತಡವರಿಸಿದರೆ ಇಬ್ಬರ ಫೋನಿನಲ್ಲೂ ಕೊನೆಯ ಕಲ್ಲು ಉಳಿದಿರುವಂತೆ ಕಾಣುತ್ತದೆ. ಇಬ್ಬರೂ ಎಸೆಯುತ್ತಾರೆ. ಸರ್ವರ್ ಒಬ್ಬನ ಕಲ್ಲನ್ನು ಒಪ್ಪಿ, ಇನ್ನೊಬ್ಬನಿಗೆ ನೀನು ಎಸೆದೇ ಇಲ್ಲ ಎನ್ನುತ್ತದೆ. ಹಾರುತ್ತಿದ್ದ ಕಲ್ಲು ಗಾಳಿಯಲ್ಲೇ ಮಾಯ, ಮಿಡತೆ ಬಂದು ಕಚ್ಚಿ ಆಟ ಮುಗಿಯುತ್ತದೆ. ಸೋತವನಿಗೆ ಜೊತೆಗಾರನ ಮೇಲೆ ಸಿಟ್ಟು ಬರುವುದಿಲ್ಲ, ಆಟದ ಮೇಲೆ ಬರುತ್ತದೆ. ಅದು ನಮಗೆ ಬೇಕಾದ ಸಿಟ್ಟಲ್ಲ.

ಮೊದಲು ಚೀಲವನ್ನು ಒಳಗೊಳಗೇ ಅರ್ಧ ಮಾಡಿ, ಹೊರಗೆ ಒಂದೇ ಎಂದು ತೋರಿಸಿದೆ. ಒಬ್ಬನ ಅರ್ಧ ತೀರಿದಾಗ ಇನ್ನೊಬ್ಬನ ಅರ್ಧದಿಂದ ಸಾಲ ತರುವ ವ್ಯವಸ್ಥೆ. ಸಾಲ ಬರುವಷ್ಟರಲ್ಲಿ ಕಾವಲುಗಾರ ಸತ್ತಿರುತ್ತಿದ್ದ. ಆಮೇಲೆ ಯಾರು ಮೊದಲು ಗುಂಡಿ ಒತ್ತಿದರು ಎಂಬುದನ್ನು ಫೋನಿನ ಗಡಿಯಾರದಿಂದ ತಿಳಿಯಲು ಹೋದೆ. ಎರಡು ಫೋನಿನ ಗಡಿಯಾರಗಳು ಒಂದೇ ಹೊತ್ತು ತೋರಿಸುವುದಿಲ್ಲ ಎಂಬುದು ಆಗ ಅನುಭವಕ್ಕೆ ಬಂತು. ತಲೆ ಚಿಟ್ಟು ಹಿಡಿದುಹೋಯಿತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಯೋಚನೆ, ಅನ್ನ ಯಾವುದು ಸಾರು ಯಾವುದು ಗೊತ್ತಾಗುತ್ತಿರಲಿಲ್ಲ.

ಪರಿಹಾರ ಸಿಕ್ಕಿದ್ದು ಕವಣೆಯಲ್ಲೇ. ಕವಣೆಯಿಂದ ಕಲ್ಲು ಸುಮ್ಮನೆ ಹಾರುವುದಿಲ್ಲ, ತಲೆಯ ಮೇಲೆ ಗರಗರ ತಿರುಗಿಸಿ ಬಿಡಬೇಕು. ಮೊದಲ ಭಾಗದಲ್ಲಿ ನಾವು ಆ ತಿರುಗುವಿಕೆಯನ್ನು ಹೆಸರಿಗಷ್ಟೇ ತೋರಿಸಿದ್ದೆವು. ಈಗ ಗುಂಡಿ ಒತ್ತಿದ ಕೂಡಲೇ ಕವಣೆ ತಿರುಗಲು ಶುರುವಾಗಲಿ. ಅದು ತಿರುಗುತ್ತಿರುವಾಗ ಫೋನು ಸರ್ವರನ್ನು ಕೇಳಲಿ. ಕಲ್ಲು ನಿನ್ನದೇ ಎಂದು ಉತ್ತರ ಬಂದರೆ ಮಾತ್ರ ಬಿಡಲಿ, ಇಲ್ಲವಾದರೆ ಕವಣೆ ಸುಮ್ಮನೆ ಇಳಿಯಲಿ. ತಡವೂ ಆಟದ ಒಳಗೇ ಸೇರಿಹೋಗುತ್ತದೆ, ಯಾರ ಕಲ್ಲೂ ಗಾಳಿಯಲ್ಲಿ ಮಾಯವಾಗುವುದಿಲ್ಲ.

ಚಿತ್ರಗಾರನಿಗೆ ಹೇಳಿದೆ. ಅವನು ಒಂದು ಸುತ್ತು ಬರೆದ. ಸಾಲದು ಎಂದೆ. ಮತ್ತೊಂದು ಬರೆದ. ಇನ್ನೂ ಬೇಕು ಎಂದೆ.

“ಇನ್ನಾ ಎಷ್ಟು ತಿರಗಸ್ಬೇಕಕ್ಕಾ? ತಿರಗಿ ತಿರಗಿ ಅವಂಗೇ ಚಕ್ಕರ್ ಬಂದು ಬೀಳ್ತಾನ,” ಎಂದ.

“ಬಿದ್ರ ಬೀಳ್ಲಿ. ಕಲ್ಲು ಕಳೀಬಾರದು.”

“ನಿಮ್ಮ ಕಲ್ಲಿನ ಸಲುವಾಗಿ ನನ್ನ ಮನಷ್ಯಾನ ಜಾನ್ ತಗೀತೀರಿ ನೀವು,” ಎಂದು ಗೊಣಗಿದರೂ ಬರೆದುಕೊಟ್ಟ. ತೋಳಿನ ಸ್ನಾಯು ಬಿಗಿಯುವುದು, ಕವಣೆಯ ಹಗ್ಗ ಗಾಳಿ ಸೀಳುವುದು, ಎಲ್ಲ ಎಷ್ಟು ಚಂದವಾಗಿ ಬರೆದನೆಂದರೆ ತಡ ಎನ್ನುವುದೇ ಕಾಣಿಸುತ್ತಿರಲಿಲ್ಲ. ಅವನು ರೋಜಾದ ತನ್ನ ಮನೆಯಿಂದ, ನಾನು ಸೂಪರ್ ಮಾರ್ಕೆಟ್‌ನಿಂದ ಒಂದಿಡೀ ಮಧ್ಯಾಹ್ನ ಆಡಿದೆವು. ಒಂದು ಕಲ್ಲೂ ಕಳೆದುಹೋಗಲಿಲ್ಲ. ಫೋನಿನಲ್ಲಿ ಇಬ್ಬರೂ ಗಂಟಲು ಹರಿಯುವಂತೆ ಜಗಳಾಡಿದೆವು. ಕೆಳಗಿನ ಸೀರೆ ಅಂಗಡಿಯವರು ಏನಾಯಿತೆಂದು ಮೇಲೆ ಬಂದು ನೋಡಿಹೋದರು.

ಕಂಪನಿಯ ಪ್ರತಿನಿಧಿ ನೋಡಿದ, ನಕ್ಕ. ನಿಧಾನವಾಯಿತು ಎಂದ. ಬೆರಳು ಒತ್ತಿದ ಕ್ಷಣವೇ ಕಲ್ಲು ಹಾರಬೇಕು, ಈಗಿನ ಜನ ಕಾಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಲ ಕೊಟ್ಟುಬಿಡಿ, ಇಷ್ಟೆಲ್ಲ ತೊಂದರೆ ಏಕೆ? ತೊಂದರೆ ಎಂದ ಅವನು. ನನ್ನ ಆಟದ ಜೀವವನ್ನು ತೊಂದರೆ ಎಂದ.

ಮಾಲಕರು ನನ್ನ ಮುಖ ನೋಡಿದರು, ಪರದೆ ನೋಡಿದರು. ಕರೆ ಮುಗಿದ ಮೇಲೆ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡರು.

“ನೋಡವಾ, ನನಗ ಎರಡೂ ಸರೀನೇ ಅನಸ್ತದ. ನಾ ಏನ್ ಮಾಡ್ಲಿ ಹೇಳು,” ಎಂದರು.

“ನೀವೂ ಹೇಳಬ್ಯಾಡ್ರಿ ಅಣ್ಣಾ, ನಾನೂ ಹೇಳಂಗಿಲ್ಲ. ಎರಡೂ ಥರಾ ಮಾಡಿ ಕಮಲಾಪುರಕ್ಕ ಒಯ್ಯೋಣು. ಅಲ್ಲಿ ಮಂದಿ ಏನಂತಾರೋ ಅದೇ ಕೊನೀ ಮಾತು.”

“ಖರೇನಾ? ಅವರು ಬ್ಯಾರೆ ಬ್ಯಾರೆ ಚೀಲ ಛಲೋ ಅಂದ್ರ ನೀ ಮತ್ತ ಬಾಯಿ ತೆಗೀಬಾರದು.”

“ತೆಗಿಯಂಗಿಲ್ರಿ. ಆದ್ರ ಅವರು ಒಂದೇ ಚೀಲ ಅಂದ್ರ ನೀವು ಕಂಪನಿಗೆ ಹೇಳಬೇಕು.”

“ಹೇಳ್ತೀನಿ. ಒಪ್ಪಂದ ಮುರದ್ರೂ ಹೇಳ್ತೀನಿ.” ಅವರು ಹೇಳುತ್ತಿದ್ದರು ಎಂದೇ ಈಗಲೂ ನಂಬುತ್ತೇನೆ. ಕಮಲಾಪುರದ ಮಾತನ್ನು ಅವರು ಅಲ್ಲಿಯವರೆಗೆ ಮೀರಿದ್ದಿಲ್ಲ.

ನನಗೆ ಗೆಲ್ಲುವ ಧೈರ್ಯವಿತ್ತು. ಜೋಳದ ಹೊಲದ ಹೊಸ ಹಂತವನ್ನು ಎರಡು ರೀತಿ ಸಿದ್ಧಮಾಡಿದೆ. ಒಂದರಲ್ಲಿ ಒಂದೇ ಚೀಲ ಮತ್ತು ತಿರುಗುವ ಕವಣೆ, ಇನ್ನೊಂದರಲ್ಲಿ ಬೇರೆ ಬೇರೆ ಚೀಲ, ಒತ್ತಿದ ಕೂಡಲೇ ಹಾರುವ ಕಲ್ಲು. ಪರೀಕ್ಷೆಗೆ ಇಟ್ಟಿದ್ದ ಎರಡು ಫೋನುಗಳಲ್ಲೂ ಎರಡೂ ರೀತಿಯದನ್ನು ಹಾಕಿದೆ. ಮಾಲಕರು ಹುಮನಾಬಾದ್ ಕಡೆ ಮದುವೆಗೆ ಹೊರಟಿದ್ದರು. ಕಮಲಾಪುರ ದಾರಿಯಲ್ಲೇ ಸಿಗುತ್ತದೆ, ಫೋನು ಅಕ್ಕನ ಹತ್ತಿರ ಕೊಟ್ಟು ಹೋಗುತ್ತೇನೆ, ಅಲ್ಲಿನ ಸಿಮ್ ಹಾಕಿ ನೆಟ್‌ವರ್ಕು ನೋಡಿಟ್ಟಿರಲಿ ಎಂದರು. ಯಾವುದು ಯಾವುದೆಂದು ಗೊತ್ತಾಗಲಿ ಎಂದು ಫೋನಿನ ಪರದೆಯ ಮೇಲೆ ಒಂದಕ್ಕೆ ‘ಹೊಸಾದು’, ಇನ್ನೊಂದಕ್ಕೆ ‘ಹಳೇದು’ ಎಂದು ಅವರೇ ಹೆಸರು ಕೊಟ್ಟರು. ಒಂದೇ ಚೀಲ ಮೊದಲಿಂದ ಇದ್ದದ್ದಲ್ಲವೇ, ಅದಕ್ಕೆ ಹಳೇದು. ನಾನೂ ತಲೆಯಾಡಿಸಿದೆ.

ಮುಂದಿನ ವಾರ ಸಂತೆಯ ದಿನ ಮಾಲಕರೂ ನಾನೂ ಬಸ್ ಹತ್ತಿ ಹೋದೆವು. ಸೆಂಟರಿನ ಮುಂದೆ ಕೆಂಪು ಬಾಳೆಯ ಗೊನೆಗಳು, ಈರುಳ್ಳಿ ಚೀಲಗಳು, ಬಸ್ಸಿಗೆ ಕಾಯುವವರು. ಅಕ್ಕ ಚಹಾ ತರಿಸಿದಳು, ಬಾಳೆಹಣ್ಣು ತರಿಸಿದಳು, ಕೂರಲು ಪ್ಲಾಸ್ಟಿಕ್ ಕುರ್ಚಿ ಒರೆಸಿಕೊಟ್ಟಳು. ಮೊದಲ ಸಲ ನಾವು ಬಂದಾಗ ಸ್ಟೂಲು ಕೊಟ್ಟಿದ್ದಳು. ಆಟ ಹೆಸರು ಮಾಡಿದ ಮೇಲೆ ನಾವು ಬೀಗರಾಗಿಬಿಟ್ಟಿದ್ದೆವು.

ಮೊದಲು ಹೊಸಾದು. ಅಕ್ಕ ಇಬ್ಬರನ್ನು ಕರೆದು ಕೂರಿಸಿದಳು. ಒಬ್ಬ ಪಕ್ಕದ ಸಾಲಿನ ದರ್ಜಿ, ಕೊರಳಲ್ಲಿ ಟೇಪು ಹಾಗೇ ಇತ್ತು. ಇನ್ನೊಬ್ಬ ಕೆಂಪು ಬಾಳೆಹಣ್ಣು ಮಾರುವವನು. ಇಬ್ಬರೂ ಫೋನು ಹಿಡಿದು ಆಡಿದರು. ಎಲ್ಲಿ ಜಿಗಿಯಬೇಕೋ ಅಲ್ಲಿ ಜಿಗಿದರು, ಮೇಲಿನಿಂದ ಬೀಳುವ ಮಿಡತೆಗೆ ಮೊದಲೇ ಬಗ್ಗಿದರು. ಒಂದು ಸಲವೂ ಸಾಯದೆ ಹಂತ ಮುಗಿಸಿದರು. ಇಬ್ಬರಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಆ ಮೌನ ನನ್ನ ಕಿವಿಗೆ ಬಿತ್ತು, ಆದರೆ ಆಟದಲ್ಲಿ ಮುಳುಗಿದ್ದಾರೆ ಎಂದುಕೊಂಡೆ. ಎರಡನೇ ಜೋಡಿಯೂ ಹಾಗೆಯೇ ಸರಾಗವಾಗಿ ಮುಗಿಸಿತು.

“ಹ್ಯಾಂಗದ ರೀ ಆಟ?” ಎಂದು ಕೇಳಿದರು ಮಾಲಕರು.

“ಭಾಳ ಛಲೋ ಅದ ರೀ ಸಾಹೇಬ್ರ,” ಎಂದ ದರ್ಜಿ. ಬಾಳೆಹಣ್ಣಿನವನು ಜೋರಾಗಿ ತಲೆಯಾಡಿಸಿದ.

ಆಮೇಲೆ ಹಳೇದು. ಪಡಿತರ ಚೀಟಿಗೆ ಬಂದ ಹೆಂಗಸು, ಹಿಟ್ಟಿನ ಗಿರಣಿಯವನು. ಅಷ್ಟು ಹೊತ್ತಿಗೆ ಸಂತೆ ತುಂಬಿತ್ತು, ಇಡೀ ತಾಲ್ಲೂಕಿನ ಫೋನುಗಳು ಅದೇ ಒಂದು ಟವರಿಗೆ ಜೋತುಬಿದ್ದಿದ್ದವು. ಸರ್ವರಿನ ಉತ್ತರ ಬರಲಿಲ್ಲ. ಕವಣೆ ತಿರುಗುತ್ತಲೇ ಇತ್ತು.

“ಇದೇನ್ರೀ ಇಂವ, ಕಲ್ಲು ಒಗೀತಾನೋ ಬರೇ ಬೀಸಣಿಗಿ ಬೀಸ್ತಾನೋ?” ಎಂದಳು ಹೆಂಗಸು.

“ಎಲ್ಲಾ ನೀವೇ ಒಗದು ಈಗ ನನಗ ಕೇಳ್ತೀರೇನು?” ಎಂದ ಗಿರಣಿಯವನು. ಜಗಳ ಹತ್ತಿತು. ಇಬ್ಬರೂ ಸತ್ತರು, ಮತ್ತೆ ಶುರು ಮಾಡಿದರು, ಮತ್ತೆ ಸತ್ತರು. ಅಷ್ಟರಲ್ಲಿ ಬಸ್ಸು ಬಂದು ಹೆಂಗಸು ಫೋನನ್ನು ಬೆಂಚಿನ ಮೇಲೆ ಇಟ್ಟು ಓಡಿದಳು. ಮತ್ತೊಂದು ಜೋಡಿಯನ್ನು ಕೂರಿಸಿದೆವು. ಅವರೂ ಮುಗಿಸಲಿಲ್ಲ.

ಮಾಲಕರು ನನ್ನ ಕಡೆ ತಿರುಗಲಿಲ್ಲ. ಪಾಪ ಎಂದುಕೊಂಡರೋ ಏನೋ. ಹೊರಡುವಾಗ ಅಕ್ಕ ನನ್ನ ಕೈ ಹಿಡಿದು, “ಗೆದ್ದಿ ಬಿಡು ತಂಗಿ,” ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ, ಅಳು ಬಂತು, ಅತ್ತೆ. ನೆಟ್‌ವರ್ಕು ಕೈಕೊಟ್ಟಿತು ಎಂದು ವಾದಿಸಬಹುದಿತ್ತು. ಆದರೆ ಜನ ಆಡುವುದು ಅದೇ ನೆಟ್‌ವರ್ಕಿನಲ್ಲಿ ಅಲ್ಲವೇ? ತಪ್ಪು ಹಂತದ್ದು, ಆಡುವವರದಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು.

ಮರುದಿನ ಒಂದೇ ಚೀಲವನ್ನು ನಾನೇ ತೆಗೆದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಸರ್ವರ್ ಉತ್ತರಕ್ಕೆ ಕಾಯುವ ಭಾಗ, ಕವಣೆ ಇಳಿಯುವ ಭಾಗ, ತಿರುಗುವ ಚಿತ್ರಗಳು, ಒಂದೊಂದಾಗಿ ತೆಗೆದೆ. ಚಿತ್ರಗಾರ ಹಿಂದೆ ನಿಂತು ನೋಡುತ್ತಿದ್ದ. “ಅಕ್ಕಾ, ಹೋಗ್ಲಿ ಬಿಡ್ರಿ, ನನ್ನ ಮನಷ್ಯಾ ಈಗ ಆರಾಮ್ ಇರ್ತಾನ,” ಎಂದ. ನಗಿಸಲೆಂದೇ ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ.

ಅಲ್ಲಿಂದ ಮುಂದೆ ಆಟ ಇಳಿಜಾರಿನಲ್ಲಿ ಉರುಳಿತು. ಚೀಲ ಬೇರೆಯಾದ ಮೇಲೆ ಕಲ್ಲಿಗೆ ಬರವಿಲ್ಲ. ಬರವಿಲ್ಲದಿದ್ದರೆ ಹಂತ ತೀರಾ ಸುಲಭ. ಕಷ್ಟ ಮಾಡಲು ಮಿಡತೆ ಹೆಚ್ಚಿಸಿದೆವು. ಮಿಡತೆ ಹೆಚ್ಚಾಗಿ ಜೋಳದ ಹೊಲವೇ ಕಾಣದಾಯಿತು. ಹೊಲ ಕಾಣಲಿ ಎಂದು ಕಾವಲುಗಾರರನ್ನು ಸಣ್ಣದು ಮಾಡಿದೆವು. ಆಮೇಲೆ ಇಬ್ಬರು ಆಡಿದರೂ ಒಬ್ಬ ಆಡಿದರೂ ವ್ಯತ್ಯಾಸವೇ ಇಲ್ಲ ಎಂದು ಕಂಪನಿಗೂ ಹೊಳೆಯಿತು. ಹಾಗಾದರೆ ಜೊತೆಗಾರ ಸಿಗದಿದ್ದಾಗ ಕಂಪ್ಯೂಟರೇ ಜೊತೆಗಾರನಾಗಲಿ ಎಂದರು. ಆ ಬೊಂಬೆಯನ್ನೂ ನಾನೇ ಬರೆದೆ. ಹೇಳಿದ ಕಡೆ ನಿಲ್ಲುತ್ತದೆ, ಏನೂ ಕೇಳುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಅಷ್ಟು ಸತ್ತ ವಸ್ತುವನ್ನು ನನ್ನ ಕೈಯಾರೆ ನಾನು ಹಿಂದೆಂದೂ ಮಾಡಿರಲಿಲ್ಲ.

ಬಿಡುಗಡೆಯ ಹೊತ್ತಿಗೆ ಕಂಪನಿ ಒಪ್ಪಂದದ ಇನ್ನೊಂದು ಮಾತು ನೆನಪಿಸಿತು. ಎರಡನೆಯದು ಬಂದ ದಿನ ಮೊದಲನೆಯದನ್ನು ಆಟ ಮಾರುವ ಆನ್‌ಲೈನ್ ಅಂಗಡಿಯಿಂದ ಇಳಿಸಬೇಕು, ಜನ ಗೊಂದಲಗೊಳ್ಳಬಾರದು. ಹೆಸರೂ ಇನ್ನು ಅವರದೇ. ಮಾಲಕರು ಆ ಸಾಲನ್ನು ಓದಿದ್ದರಂತೆ, ನನಗೆ ಹೇಳಲು ಮರೆತಿದ್ದರಂತೆ. ನನಗೆ ಬಂದ ಕೋಪಕ್ಕೆ ಮೈ ಪರಚಿಕೊಳ್ಳುವುದೊಂದೇ ಬಾಕಿ. ಆಟಗಳ ಖಾತೆ ನೋಡಿಕೊಳ್ಳುತ್ತಿದ್ದವಳು ನಾನು, ಹಾಗಾಗಿ ಇಳಿಸುವ ಗುಂಡಿಯನ್ನೂ ನಾನೇ ಒತ್ತಬೇಕಾಯಿತು. ಖಚಿತವೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ.

ಎರಡನೇ ಭಾಗ ಬಂತು. ಮೊದಲ ದಿನ ಹಳೆಯ ಅಭಿಮಾನಿಗಳು ಆಸೆಯಿಂದ ಡೌನ್‌ಲೋಡ್ ಮಾಡಿಕೊಂಡರು. ಮರುದಿನದಿಂದ ಬರೆಯತೊಡಗಿದರು. ಬೋರು ಎಂದರು, ಜೀವ ಇಲ್ಲ ಎಂದರು, ಮೊದಲನೆಯದನ್ನು ವಾಪಸ್ ಕೊಡಿ ಎಂದರು. ಒಬ್ಬಾಕೆ ತಾನೂ ತಮ್ಮನೂ ಆಡಲು ಕೂತು ಸ್ವಲ್ಪ ಹೊತ್ತಿಗೇ ಎದ್ದು ಬೇರೆ ಬೇರೆ ಕೋಣೆಗೆ ಹೋದೆವು ಎಂದು ಬರೆದಿದ್ದಳು. ಅದನ್ನು ಓದಿ ಫೋನು ಮಗುಚಿಟ್ಟೆ. ಪ್ರತಿನಿಧಿಯ ವಾರದ ಕರೆ ತಿಂಗಳ ಕರೆಯಾಯಿತು, ಆಮೇಲೆ ನಿಂತಿತು. ಮಾಲಕರು ಒಂದು ಕೋಣೆ ಬಿಟ್ಟುಕೊಟ್ಟು ಮತ್ತೆ ಮದುವೆ ವಿಡಿಯೊ ಹಿಡಿದರು. ಚಿತ್ರಗಾರ ಈಗ ಅವರಿಗೆ ಆಲ್ಬಮ್ಮಿನ ಹೂಬಳ್ಳಿ ಬರೆದುಕೊಡುತ್ತಾನೆ.

ಪರೀಕ್ಷೆಯ ಎರಡು ಫೋನುಗಳು ಇನ್ನೂ ಕಮಲಾಪುರದಲ್ಲೇ ಉಳಿದಿದ್ದವು. ತರಲು ಒಂದು ಮಧ್ಯಾಹ್ನ ನಾನೊಬ್ಬಳೇ ಹೋದೆ. ಸಂತೆಯ ದಿನವಲ್ಲ, ಬಸ್ ಸ್ಟ್ಯಾಂಡು ತೂಕಡಿಸುತ್ತಿತ್ತು. ಸೆಂಟರಿನ ಮೆಟ್ಟಿಲು ಹತ್ತುವಾಗಲೇ ಒಳಗಿನ ಕೂಗಾಟ ಕೇಳಿಸಿತು.

“ಒಂದು ಉಳಸಂದ್ರ ಉಳಸ್ಲಿಲ್ಲ ನೀ!”

“ನೀ ಮುಂದ ಹೋಗಿ ಸಾಯಂತ ಯಾರ್ ಹೇಳಿದ್ರು?”

ಮೂಲೆಯ ಕಂಪ್ಯೂಟರಿನಲ್ಲಿ ನಾವು ಹಿಂದೆ ಹಾಕಿಕೊಟ್ಟಿದ್ದ ಮೊದಲನೇ ಭಾಗ ಹಾಗೇ ಇತ್ತು. ಮುಂದೆ ಅದೇ ದರ್ಜಿ, ಅದೇ ಬಾಳೆಹಣ್ಣಿನವನು, ಭುಜಕ್ಕೆ ಭುಜ ಒತ್ತಿಕೊಂಡು ಕೂತಿದ್ದರು. ಅಕ್ಕ ನನ್ನನ್ನು ನೋಡಿ ದಡಕ್ಕನೆ ಎದ್ದಳು.

“ಏ ಅದನ್ನ ಬಂದ್ ಮಾಡ್ರೋ, ಹೊಸಾದು ತಗೀರಿ! ಅಕ್ಕೋರು ಬಂದಾರ!”

ಇಬ್ಬರೂ ಗಡಿಬಿಡಿಯಿಂದ ಆಟ ಮುಚ್ಚಿ ಫೋನು ಹುಡುಕತೊಡಗಿದರು. ದರ್ಜಿಯಂತೂ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬೆವೆತಿದ್ದ.

“ಹೊಸಾದು ಆಡಂಗಿಲ್ಲೇನ್ರಿ?” ಎಂದು ಎರಡನೇ ಭಾಗದ ಬಗ್ಗೆ ಕೇಳಿದೆ.

“ದಿನಾ ಆಡ್ತೀವ್ರೀ. ಇವತ್ತ್ ಸುಮ್ನ... ಛಲೋ ಅದ ರೀ ಅದು, ಭಾಳ ಛಲೋ ಅದ.”

“ಛಲೋ ಇಲ್ರಿ. ಕೆಟ್ಟದ. ಮಾಡಿದಾಕಿ ನಾನೇ ಹೇಳಾಕತ್ತೀನಿ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಬಾಳೆಹಣ್ಣಿನವನು ಫೋನು ಕೆಳಗಿಟ್ಟ.

“ನೀವೇ ಅಂದ್ರಿ ಅಂತ ಹೇಳ್ತೀನ್ರಿ ಅಕ್ಕೋರ, ಸಿಟ್ಟ್ ಆಗಬ್ಯಾಡ್ರಿ. ಚೀಲ ಬ್ಯಾರೆ ಆದ ಮ್ಯಾಲ ನಾ ಇವನ ಜೋಡಿ ಯಾಕ ಕುಂಡ್ರಬೇಕು? ಅವನ ಮನ್ಯಾಗ ಅವ, ನನ್ನ ಮನ್ಯಾಗ ನಾ.”

“ಹುಳಾನೂ ಭಾಳ ಆಗ್ಯಾವ್ರಿ, ಕಣ್ಣ ಉರೀತಾವ,” ಎಂದ ದರ್ಜಿ. ಆಧಾರ್ ತಿದ್ದಿಸಲು ಬಂದು ಬೆಂಚಿನ ಮೇಲೆ ಕೂತಿದ್ದವರೊಬ್ಬರು ಕೂಡ, ಆ ಬೊಂಬೆ ಜೊತೆಗಾರ ಹೆಣದ ಹಾಗೆ ನಿಲ್ಲುತ್ತಾನೆ ಎಂದು ದನಿಗೂಡಿಸಿದರು. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ನಾನು ಯಾವ ಮಾತಿಗಾಗಿ ಇಷ್ಟು ಸಲ ಬಸ್ ಹತ್ತಿ ಬಂದಿದ್ದೆನೋ ಆ ಮಾತೆಲ್ಲ ಆಗ ಬಂತು.

“ಮತ್ತ ಅವತ್ತ್ ಒಂದ್ ಸಲಾನೂ ಸಾಯದ ಮುಗಿಸಿದ್ರೆಲ್ಲ? ಹ್ಯಾಂಗ?” ಎಂದೆ.

ದರ್ಜಿ ಅಕ್ಕನ ಮುಖ ನೋಡಿದ. ಅಕ್ಕ ಸೆರಗು ಸರಿಮಾಡಿಕೊಂಡಳು.

“ನಾನೇ ಕಲಸಿದ್ದೆ ತಂಗಿ,” ಎಂದಳು. “ಫೋನು ಕೊಟ್ಟು ಹೋಗಾಗ ನಿಮ್ಮ ಮಾಲಕರು, ಈ ಸಲ ದೊಡ್ಡ ಕಂಪನಿ ಅದ ರೀ, ಜರಾ ನೋಡ್ಕೋರಿ ಅಂದ್ರು. ನೀ ಕಷ್ಟಪಟ್ಟು ಹೊಸಾದು ಮಾಡ್ಕೊಂಡು ಬರಾಕತ್ತೀದಿ. ನಮ್ಮೂರಾಗ, ನಮ್ಮ ಅಂಗಡ್ಯಾಗ, ಮಂದಿ ಮುಂದ ನಿನ್ನ ಮುಖ ಸಣ್ಣದಾಗೋದು ನಾ ನೋಡ್ಲೇನು? ವಾರ ಪೂರ್ತಿ ಇವರಿಗೆಲ್ಲಾ ಕುಂಡ್ರಿಸಿ, ಎಲ್ಲಿ ಜಿಗೀಬೇಕು ಎಲ್ಲಿ ಬಗ್ಗಬೇಕು ಎಲ್ಲಾ ಕಲಸೀನಿ.”

“ಹಳೇದಕ್ಕ?”

“ಹಳೇದಕ್ಕ ಯಾಕ ಕಲಸ್ಲಿ? ಅದು ಹಳೇದಲ್ಲ? ಅದಕ್ಕ ಹೊರಗ ಕುಂತವ್ರನ್ನೇ ಕರದು ಕುಂಡ್ರಿಸಿದೆ.”

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. “ಹಳೇದೇ ನನ್ನದಾಗಿತ್ತಕ್ಕಾ,” ಎಂದೆ.

“ಹೌದೇನ್ ಯವ್ವಾ?” ಅಕ್ಕನ ಬಾಯಿ ತೆರೆದೇ ಇತ್ತು. “ನನಗ್ಯಾರ್ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ನಮ್ಮ ಕಟ್ಟಳೆಯಾಗಿತ್ತು. ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಪ್ರೀತಿಯಿಂದ ಮಾಡಿದ್ದೆಂದು ಗೊತ್ತಿದ್ದೂ ಬಂತು, ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿದ ಮೇಲೂ ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಕಂಪನಿಯವನ ಮೇಲಾದರೆ ಬೈದು ಹಗುರಾಗಬಹುದಿತ್ತು. ಇವಳನ್ನು ಏನೆಂದು ಬೈಯಲಿ?

ದರ್ಜಿ ಫೋನುಗಳನ್ನು ಒರೆಸಿ ನನ್ನ ಕೈಗೆ ಕೊಟ್ಟ. ಕೊಡುವ ಮುಂಚೆ ಪರದೆಯ ಮೇಲಿನ ‘ಹಳೇದು’ ಎಂಬುದನ್ನು ಬೆರಳಿನಿಂದ ತೋರಿಸಿದ.

“ಆಮ್ಯಾಲ ನಾವು ಇದನ್ನೂ ಆಡಿದ್ವಿ ರೀ, ಸಂತಿ ಇಲ್ಲದ ದಿವಸ. ಆ ಕವಣಿ ಗರಗರ ತಿರಗ್ತದಲ್ರೀ, ಅದು ಭಾರಿ ಇತ್ತು. ಅದು ತಿರಗೂತನಾ ಇವಂಗ ಬೈಯಾಕ ಟೈಮ್ ಸಿಗ್ತಿತ್ತು.” ಬಾಳೆಹಣ್ಣಿನವನು ನಕ್ಕ. ದರ್ಜಿ ನಗಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ: “ಅದರ ಸರ್ವರ್ ಈಗ ಬಂದ್ ಆಗ್ಯಾದ, ನಡ್ಯಂಗಿಲ್ಲ. ಅದನ್ನ ಯಾಕ ತಗದ್ರೀ ಅಕ್ಕೋರ?”

“ನೀವೆಲ್ಲಾ ಬ್ಯಾಡ ಅಂದ್ರೆಲ್ಲ,” ಎಂದೆ.

“ನಾವ್ಯಾವಾಗ ಅಂದಿವ್ರೀ?” ಎಂದ ದರ್ಜಿ.